ಬಾಡಿಗೆ ಬೆಂಚಿನಲ್ಲಿ ಶುರುವಾದ ನಮ್ಮ ಬಯೋಟೆಕ್ ಕಂಪನಿ

ನಾವಿದ್ದದ್ದು ಮೂರೇ ಜನ. ಸ್ವಂತ ಲ್ಯಾಬ್ ಕಟ್ಟೋಣ ಅಂತ ಲೆಕ್ಕ ಹಾಕಿದೆವು. ಮೊದಲ ಪ್ರಯೋಗಕ್ಕೆ ಮುಂಚೆಯೇ ದುಡ್ಡು ಖಾಲಿಯಾಗುತ್ತಿತ್ತು. ಹಾಗಾಗಿ ಸೈನ್ಸ್ ಪಾರ್ಕ್ ಒಂದರಲ್ಲಿ, ಅಂದರೆ ವಿಜ್ಞಾನ-ತಂತ್ರಜ್ಞಾನ ಕಂಪನಿಗಳಿಗೆ ಜಾಗ ಕೊಡುವ ಕಡೆ, ಬೆಂಚು (ಪ್ರಯೋಗ ಮಾಡುವ ಮೇಜು) ಬಾಡಿಗೆಗೆ ಹಿಡಿದೆವು.

ಇಂಥ ಪಾರ್ಕ್‌ಗಳು ಹೊಸತೇನಲ್ಲ. ಸ್ಟ್ಯಾನ್‌ಫರ್ಡ್‌ನದು 1951ರಲ್ಲಿ ಶುರುವಾಯಿತು, ಕೇಂಬ್ರಿಜ್‌ನದು 1970ರಲ್ಲಿ. ಆದರೆ ಸಾಫ್ಟ್‌ವೇರ್ ಕಂಪನಿಗೆ ಮೇಜು, ಕರೆಂಟು, ಇಂಟರ್‌ನೆಟ್ ಇದ್ದರೆ ಸಾಕು. ನಮಗೆ ಜೀವಕೋಶ ಬೆಳೆಸಲು 37 ಡಿಗ್ರಿಯ ಇನ್‌ಕ್ಯುಬೇಟರ್ ಬೇಕು, ಅವನ್ನು ಕಾಪಾಡಿಡಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು. ಕಸವನ್ನೂ ಸುಮ್ನೆ ಬುಟ್ಟಿಗೆ ಹಾಕುವಂತಿಲ್ಲ, 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲಬೇಕು. ಇದೆಲ್ಲ ಪಾರ್ಕ್‌ನಲ್ಲಿ ಮೊದಲೇ ಇತ್ತು. ಬಯೋಸೇಫ್ಟಿ (ಜೈವಿಕ ಸುರಕ್ಷತೆ) ಕಾಗದಪತ್ರ ಮಾಡಿ ಗೊತ್ತಿದ್ದವರೂ ಇದ್ದರು. ಇಲ್ಲದಿದ್ದರೆ ಅದರಲ್ಲೇ ತಿಂಗಳುಗಟ್ಟಲೆ ಕಳೆಯುತ್ತಿದ್ದೆವು.

ದೊಡ್ಡ ಯಂತ್ರಗಳನ್ನು ಗಂಟೆ ಲೆಕ್ಕದಲ್ಲಿ ಕೊಡುತ್ತಿದ್ದರು. ನನ್ನ ಪ್ರಕಾರ ಯಂತ್ರಕ್ಕಿಂತ ಅದನ್ನು ನೋಡಿಕೊಳ್ಳುವ ಟೆಕ್ನಿಷಿಯನ್ನೇ ಜಾಸ್ತಿ ಬೆಲೆಬಾಳುವವರು. ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ನಮ್ಮ ಫಲಿತಾಂಶ ಒಂದೊಂದು ದಿನ ಒಂದೊಂದು ಥರ ಬರುತ್ತಿತ್ತು. ಅವರು ಬಂದು ಐದು ನಿಮಿಷ ನೋಡಿ, "ಮೊಬೈಲ್ ಫೇಸ್‌ನಲ್ಲಿ ಗಾಳಿಗುಳ್ಳೆ ಇದೆ, ಡೀಗ್ಯಾಸ್ ಮಾಡಿದ್ರಾ?" ಅಂದರು. ಯಂತ್ರದೊಳಗೆ ಹರಿಯುವ ದ್ರವವೇ ಮೊಬೈಲ್ ಫೇಸ್; ಅದರಲ್ಲಿ ಕರಗಿದ ಗಾಳಿಯನ್ನು ಮೊದಲೇ ತೆಗೆಯಬೇಕು. ನಾವು ತೆಗೆದಿರಲಿಲ್ಲ.

ಹಂಚಿಕೊಂಡು ಬದುಕುವುದಕ್ಕೆ ಇನ್ನೊಂದು ಮುಖವೂ ಇದೆ. ನಾಲ್ಕನೇ ತಿಂಗಳಲ್ಲಿ ನಮ್ಮ ಕೋಶಗಳು ನಿಧಾನವಾಗಿ ಬೆಳೆಯತೊಡಗಿದವು. ಅವು ಬೆಳೆಯುವ ಪೋಷಕ ದ್ರವ (ಮೀಡಿಯಾ) ಕದಡಿರಲಿಲ್ಲ, ಮೈಕ್ರೋಸ್ಕೋಪಿನಲ್ಲೂ ಏನೂ ಕಾಣಲಿಲ್ಲ. ಪಕ್ಕದ ಬೆಂಚಿನವರು "ಒಂದ್ಸಲ ಪಿಸಿಆರ್ ಮಾಡಿ ನೋಡಿ" ಅಂದರು. ಡಿಎನ್‌ಎ ಗುರುತು ಹಿಡಿಯುವ ಆ ಪರೀಕ್ಷೆಯಲ್ಲಿ ಸಿಕ್ಕಿದ್ದು ಮೈಕೋಪ್ಲಾಸ್ಮಾ! ಕೋಶಭಿತ್ತಿಯೇ ಇಲ್ಲದ ಬ್ಯಾಕ್ಟೀರಿಯಾ ಅದು. ಹಾಗಾಗಿ ಕೋಶಭಿತ್ತಿಯ ಮೇಲೆ ಕೆಲಸ ಮಾಡುವ ಪೆನಿಸಿಲಿನ್ ನಾಟುವುದಿಲ್ಲ. ಸಾಮಾನ್ಯ ಫಿಲ್ಟರ್‌ನಲ್ಲೂ ನುಸುಳಿಬಿಡುತ್ತದೆ. ಒಂದೇ ಇನ್‌ಕ್ಯುಬೇಟರ್‌ನಲ್ಲಿ ಮೂರು ಕಂಪನಿಯವರ ಫ್ಲಾಸ್ಕ್‌ಗಳಿದ್ದವು. ಯಾರಿಂದ ಬಂತು ಅಂತ ಹುಡುಕಲು ಹೋಗಲಿಲ್ಲ. ನಮ್ಮಿಂದಲೇ ಬಂದಿದ್ದರೆ? ಎಲ್ಲವನ್ನೂ ಬಿಸಾಡಿ, ದ್ರವ ಸಾರಜನಕದಲ್ಲಿದ್ದ ಹಳೆಯ ಟ್ಯೂಬ್ ತೆಗೆದು ಮತ್ತೆ ಶುರುಮಾಡಿದೆವು. ಆರು ವಾರ ಹೋಯಿತು.

ಆಮೇಲೆ ಬೆಂಚಿನವರೆಲ್ಲ ಸೇರಿ ಪಾರ್ಕ್‌ನವರನ್ನು ಕೇಳಿದೆವು. ಹೊಸದಾಗಿ ತಂದ ಕೋಶಗಳಿಗೆ ಬೇರೆ ಇನ್‌ಕ್ಯುಬೇಟರ್ ಇಟ್ಟರು. ಪ್ರತಿ ತಿಂಗಳು ಎಲ್ಲರ ಕೋಶಗಳಿಗೂ ಟೆಸ್ಟ್ ಕಡ್ಡಾಯವಾಯಿತು.

ಮಾರ್ಗದರ್ಶಕರ ಉಪನ್ಯಾಸಗಳೂ ಇದ್ದವು. ನಿಜ ಹೇಳಬೇಕೆಂದರೆ, ಹೆಚ್ಚಿನವು ಯಾವ ಕಂಪನಿಗೆ ಬೇಕಾದರೂ ಹೇಳಬಹುದಾದ ಮಾತುಗಳು. ಪೇಟೆಂಟ್ ವಕೀಲರ ಜೊತೆ ಕೂತ ಒಂದು ಗಂಟೆ ಮಾತ್ರ ಬೇರೆ. ಮುಂದಿನ ವಾರ ಸಮ್ಮೇಳನದಲ್ಲಿ ನಮ್ಮ ಸಂಶೋಧನೆಯ ಪೋಸ್ಟರ್ ಹಾಕುತ್ತೇವೆ ಅಂತ ಖುಷಿಯಿಂದ ಹೇಳಿದೆ. "ಅರ್ಜಿ ಹಾಕಿದ್ದೀರಾ?" ಅಂದರು. ಮೊದಲೇ ಬಹಿರಂಗ ಮಾಡಿದರೆ ಅನೇಕ ದೇಶಗಳಲ್ಲಿ ಪೇಟೆಂಟ್ ಸಿಗುವುದೇ ಇಲ್ಲವಂತೆ. ಪೋಸ್ಟರ್ ವಾಪಸ್ ತೆಗೆದುಕೊಂಡೆವು.

ನೀವು ಜಾಗ ನೋಡಲು ಹೋದರೆ ಲಾಬಿಯ ಸೋಫಾ ನೋಡಬೇಡಿ. ಕರೆಂಟು ಹೋದಾಗ ಮೈನಸ್ 80 ಡಿಗ್ರಿಯ ಫ್ರೀಜರ್ ಯಾವ ಬ್ಯಾಕಪ್ ಲೈನಿನಲ್ಲಿರುತ್ತದೆ, ರಾತ್ರಿ ಅಲಾರಂ ಹೊಡೆದರೆ ಯಾರ ಫೋನಿಗೆ ಬರುತ್ತದೆ ಅಂತ ಕೇಳಿ.