ಹಲ್ಲಿನ ಇಂಪ್ಲಾಂಟ್ ಆದ ಮೇಲೆ ಆಂಟಿಬಯಾಟಿಕ್ ಬೇಕೇ? ಚೀಟಿ ಕೈಗೆ ಬಂದಾಗ ನೋಡಬೇಕಾದದ್ದು

ಹಲ್ಲಿನ ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪು) ಹಾಕಿಸಿಕೊಂಡು ಹೊರಬರುವವರ ಕೈಯಲ್ಲಿ ಸಾಮಾನ್ಯವಾಗಿ ಇಂಥದ್ದೊಂದು ಚೀಟಿ ಇರುತ್ತದೆ: ಅಮಾಕ್ಸಿಸಿಲಿನ್ 500, 1-1-1, ಐದು ದಿನ, ಜತೆಗೆ ಮೆಟ್ರೋನಿಡಜೋಲ್ 400, ಒಂದು ನೋವಿನ ಮಾತ್ರೆ, ಒಂದು ಗ್ಯಾಸ್ ಮಾತ್ರೆ. ಆರೋಗ್ಯವಂತರಿಗೆ ಒಂದೋ ಎರಡೋ ಇಂಪ್ಲಾಂಟ್ ತೊಂದರೆಯಿಲ್ಲದೆ ಕೂತಿದ್ದರೆ, ಈ ಐದು ದಿನದ ಆಂಟಿಬಯಾಟಿಕ್ ಕೋರ್ಸ್ ಬೇಕೇಬೇಕು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಆಧಾರ ಇರುವುದು ಆಪರೇಷನ್‌ಗೆ ಒಂದು ಗಂಟೆ ಮುಂಚೆ ನುಂಗುವ ಒಂದೇ ಡೋಸ್‌ಗೆ.

ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆ 6 ಪ್ರಯೋಗಗಳ, ಒಟ್ಟು 1,162 ಜನರ ಲೆಕ್ಕವನ್ನು ಒಟ್ಟುಗೂಡಿಸಿತ್ತು. ಸುಮಾರು 25 ಜನರಿಗೆ ಆಂಟಿಬಯಾಟಿಕ್ ಕೊಟ್ಟರೆ ಒಬ್ಬರಿಗೆ ಇಂಪ್ಲಾಂಟ್ ಕಳೆದುಕೊಳ್ಳುವುದು ತಪ್ಪುತ್ತದೆ ಎಂದು ಅದರಲ್ಲಿ ಕಂಡುಬಂತು. ಅದು ಸೂಚಿಸಿದ್ದು ಒಂದು ಗಂಟೆ ಮುಂಚೆ 2 ಗ್ರಾಂ ಅಮಾಕ್ಸಿಸಿಲಿನ್. ಆಮೇಲೂ ಮುಂದುವರಿಸಿದರೆ ಹೆಚ್ಚು ಲಾಭವೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ.

ಮುಂಚಿನ ಡೋಸ್‌ಗೆ ಅಷ್ಟು ತೂಕ ಯಾಕೆ? ನುಂಗಿದ ಅಮಾಕ್ಸಿಸಿಲಿನ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಒಂದರಿಂದ ಎರಡು ಗಂಟೆ ಬೇಕು. ಒಸಡು ಕೊಯ್ದು ಮೂಳೆಗೆ ರಂಧ್ರ ಕೊರೆಯುವ ಹೊತ್ತಿಗೆ ಔಷಧಿ ಅಲ್ಲಿ ಆಗಲೇ ಇರಬೇಕು. ಆಗ ಇಂಪ್ಲಾಂಟ್ ಸುತ್ತ ಹೆಪ್ಪುಗಟ್ಟುವ ರಕ್ತದಲ್ಲೂ ಅದು ಸೇರಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಟೈಟಾನಿಯಂ ಮೇಲೆ ಅಂಟಿ ಪದರ ಕಟ್ಟಿಕೊಂಡ ಮೇಲೆ ಔಷಧಿ ಒಳಗೆ ನುಗ್ಗುವುದು ಕಷ್ಟ. ರಾತ್ರಿ ಊಟವಾದ ಮೇಲೆ ಶುರುಮಾಡುವ ಮಾತ್ರೆ ಈ ಕೆಲಸಕ್ಕೆ ತಡವಾಯಿತು.

ಮುಂಚಿನ ಡೋಸ್ ಹೇಗೆ

ವೈದ್ಯರು ಬರೆದುಕೊಟ್ಟಿದ್ದರೆ 500 ಮಿ.ಗ್ರಾಂನ ನಾಲ್ಕು ಕ್ಯಾಪ್ಸೂಲ್ ಒಟ್ಟಿಗೆ. ಇಲ್ಲಿ ಆಗುವ ತಪ್ಪು ಒಂದಿದೆ: ಮನೆಯಲ್ಲಿ ಉಳಿದಿದ್ದ '625' ಮಾತ್ರೆಯನ್ನೇ ನಾಲ್ಕು ನುಂಗುವುದು. 625ರಲ್ಲಿ ಅಮಾಕ್ಸಿಸಿಲಿನ್ 500, ಉಳಿದ 125 ಕ್ಲಾವುಲನಿಕ್ ಆಮ್ಲ. ನಾಲ್ಕು ಸೇರಿದರೆ ಕ್ಲಾವುಲನಿಕ್ ಆಮ್ಲವೇ 500 ಮಿ.ಗ್ರಾಂ ಆಗಿ ಹೊಟ್ಟೆ ಕೆಡುತ್ತದೆ. ಜಾಗ ಮರಗಟ್ಟಿಸಿ ಮಾತ್ರ ಮಾಡುವುದಾದರೆ ಎರಡು ಇಡ್ಲಿ ತಿಂದೇ ಕ್ಯಾಪ್ಸೂಲ್ ನುಂಗಬಹುದು. ಮಂಪರು ಬರಿಸಿ ಮಾಡುವುದಿದ್ದರೆ ಖಾಲಿ ಹೊಟ್ಟೆಯ ನಿಯಮ ಇರುತ್ತದೆ, ಒಂದು ಗುಟುಕು ನೀರಿಗೆ ಅವಕಾಶವಿದೆಯೇ ಎಂದು ಹಿಂದಿನ ದಿನವೇ ಕೇಳಿ. ಕ್ಲಿನಿಕ್‌ನಲ್ಲೇ ಇಂಜೆಕ್ಷನ್ ಕೊಡುತ್ತಾರಾದರೆ ಮನೆಯಲ್ಲಿ ನುಂಗುವುದು ಬೇಡ.

ಪೆನಿಸಿಲಿನ್ ಅಲರ್ಜಿ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ, ಏನಾಗಿತ್ತು ಎಂದೂ ಹೇಳಿ. ಮೈಯೆಲ್ಲ ಪಿತ್ತದ ಗಂಧೆ ಎದ್ದಿತ್ತೇ, ತುಟಿ ಊದಿತ್ತೇ, ಉಸಿರು ಕಟ್ಟಿತ್ತೇ? ಬರೀ ಭೇದಿ ಆಗಿದ್ದರೆ ಅದು ಅಲರ್ಜಿಯಲ್ಲ. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ಬದಲಿ ಔಷಧಿಗಳು ಅಷ್ಟು ಸಲೀಸಲ್ಲ. ಹಿಂದೆ ಕ್ಲಿಂಡಾಮೈಸಿನ್ 600 ಕೊಡುವುದು ರೂಢಿಯಾಗಿತ್ತು; ಅದು ಕರುಳಿನಲ್ಲಿ ತೀವ್ರ ಸೋಂಕಿಗೆ ದಾರಿ ಮಾಡಬಹುದೆಂದು ಅಮೆರಿಕದ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಹೃದ್ರೋಗಿಗಳ ಹಲ್ಲಿನ ಚಿಕಿತ್ಸೆಯ ಪಟ್ಟಿಯಿಂದ ಅದನ್ನು ಕೈಬಿಟ್ಟಿತು.

ನಂತರದ ಕೋರ್ಸ್ ಯಾರಿಗೆ

ಮೂಳೆ ಪುಡಿ ತುಂಬಿಸಿದ್ದರೆ, ಮೇಲ್ದವಡೆಯಲ್ಲಿ ಸೈನಸ್ (ಮೂಳೆಯೊಳಗಿನ ಗಾಳಿಯ ಗೂಡು) ತಳ ಎತ್ತಿದ್ದರೆ, ಕೀವು ತುಂಬಿದ್ದ ಹಲ್ಲು ಕಿತ್ತು ಅದೇ ಗುಂಡಿಗೆ ಇಂಪ್ಲಾಂಟ್ ಕೂರಿಸಿದ್ದರೆ, ಕೆಲವು ದಿನದ ಕೋರ್ಸ್ ಬರೆಯುವುದಕ್ಕೆ ಕಾರಣವಿದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕೀಮೋಥೆರಪಿ, ಕಸಿ ಮಾಡಿಸಿಕೊಂಡವರು ನುಂಗುವ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ, ಇವೂ ಲೆಕ್ಕಕ್ಕೆ ಬರುತ್ತವೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 8 ದಾಟಿದ್ದರೆ ಮಾತ್ರೆ ಹೆಚ್ಚಿಸುವುದಕ್ಕಿಂತ ಆಪರೇಷನ್ ಮುಂದೂಡಿ ಸಕ್ಕರೆ ಇಳಿಸುವುದೇ ಜಾಣತನ. ಕೃತಕ ಹೃದಯ ಕವಾಟ ಇರುವವರಿಗೆ, ಹಿಂದೆ ಹೃದಯದ ಒಳಪದರಕ್ಕೆ ಸೋಂಕಾಗಿದ್ದವರಿಗೆ ಮುಂಚಿನ ಡೋಸ್ ಕಡ್ಡಾಯವೆಂದೇ ತಿಳಿಯಿರಿ. ಅದು ಹೃದಯದ ರಕ್ಷಣೆಗೆ.

ಇವು ಯಾವುವೂ ನಿಮಗೆ ಅನ್ವಯಿಸದಿದ್ದರೆ, ಚೀಟಿ ಕೈಗೆ ಬಂದ ಕೂಡಲೇ ಕೇಳಬಹುದು: "ಡಾಕ್ಟ್ರೇ, ಮುಂಚೆ ಡೋಸ್ ತಗೊಂಡಿದ್ದೀನಲ್ಲ, ಈ ಐದು ದಿನದ್ದು ಯಾವ ಕಾರಣಕ್ಕೆ? ಮೂಳೆ ಪುಡಿ ಏನಾದ್ರೂ ಹಾಕಿದ್ದೀರಾ?" ಕಾರಣ ಹೇಳಿದರೆ ಹೇಳಿದಷ್ಟು ದಿನ ನುಂಗಿ. ಕೇಳದೆ ನಿಮ್ಮಷ್ಟಕ್ಕೆ ಬಿಡಬೇಡಿ. ಒಳಗೆ ಏನು ಮಾಡಿದ್ದಾರೆ ಎನ್ನುವುದು ಕನ್ನಡಿಯಲ್ಲಿ ಕಾಣುವುದಿಲ್ಲ. 'ಇರಲಿ, ಸೇಫ್ಟಿಗೆ' ಎಂದಷ್ಟೇ ಉತ್ತರ ಬಂದರೆ, ಬಿಟ್ಟರೆ ಏನಾಗುತ್ತದೆ ಎಂದು ಇನ್ನೊಂದು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಮೆಟ್ರೋನಿಡಜೋಲ್ ಇದ್ದರೆ ಬಾಯಿ ಲೋಹದ ರುಚಿ, ಮೂತ್ರ ಗಾಢ ಬಣ್ಣ ಬರಬಹುದು, ಹೆದರಬೇಕಿಲ್ಲ. ಕೋರ್ಸ್ ಮುಗಿದು ಮೂರು ದಿನದವರೆಗೆ ಮದ್ಯ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ನುಂಗುವವರಲ್ಲಿ ಮೆಟ್ರೋನಿಡಜೋಲ್ ರಕ್ತಸ್ರಾವ ಹೆಚ್ಚಿಸುತ್ತದೆ, ಹಾಗಾಗಿ ಮೊದಲೇ ತಿಳಿಸಿ. ಯಾವ ಆಂಟಿಬಯಾಟಿಕ್ ಆದರೂ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರುನೀರಾಗಿ ಭೇದಿಯಾದರೆ, ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗದೆ ವೈದ್ಯರಿಗೆ ಫೋನ್ ಮಾಡಿ.

ಮಾತ್ರೆ ಮಾಡಲಾಗದ ಕೆಲಸ

ಇಂಪ್ಲಾಂಟ್ ಸೋಲುವುದಕ್ಕೆ ಸೋಂಕೊಂದೇ ಕಾರಣವಲ್ಲ. ಕೊರೆಯುವಾಗ ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಸಾಕು, ಅಲ್ಲಿ ಹಾನಿಯಾಗುತ್ತದೆ. ಅದಕ್ಕೇ ಕೊರೆಯುವಾಗ ಸಲೈನ್ ಸುರಿಸುತ್ತಲೇ ಇರುತ್ತಾರೆ. ಮೂಳೆ ಕೂಡಿಕೊಳ್ಳುವ ಮೂರರಿಂದ ಆರು ತಿಂಗಳಲ್ಲಿ ಇಂಪ್ಲಾಂಟ್ ಅಲ್ಲಾಡಿದರೆ ಸುತ್ತ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆಯುತ್ತದೆ. ಬೀಡಿ, ಸಿಗರೇಟು ಗಾಯಕ್ಕೆ ರಕ್ತ ಹರಿಯುವುದನ್ನೇ ಕಡಿಮೆ ಮಾಡುತ್ತವೆ. ಎಲೆಅಡಿಕೆ, ಗುಟ್ಕಾ ಹೊಲಿಗೆಯ ಮೇಲೇ ಉಜ್ಜುತ್ತವೆ. ಇವುಗಳಿಗೆ ಯಾವ ಕ್ಯಾಪ್ಸೂಲೂ ಇಲ್ಲ.

ಮೊದಲ 24 ಗಂಟೆ ಜೋರಾಗಿ ಮುಕ್ಕಳಿಸುವುದು, ಉಗಿಯುವುದು, ಸ್ಟ್ರಾದಲ್ಲಿ ಕುಡಿಯುವುದು ಬೇಡ. ಕೆನ್ನೆಗೆ ಬಟ್ಟೆ ಸುತ್ತಿದ ಐಸ್ 15 ನಿಮಿಷ ಇಟ್ಟು 15 ನಿಮಿಷ ಬಿಡಿ. ಮರುದಿನದಿಂದ 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ 10 ಮಿ.ಲೀ. ಬಾಯಲ್ಲಿ ಒಂದು ನಿಮಿಷ ಮೆಲ್ಲಗೆ ಆಡಿಸಿ, ದಿನಕ್ಕೆರಡು ಸಲ. ಪೇಸ್ಟ್ ಹಾಕಿ ಉಜ್ಜಿದ ಬೆನ್ನಲ್ಲೇ ಮುಕ್ಕಳಿಸಿದರೆ ಪೇಸ್ಟಿನ ನೊರೆ ಅದರ ಶಕ್ತಿ ಕುಗ್ಗಿಸುತ್ತದೆ, ಅರ್ಧ ಗಂಟೆ ಅಂತರವಿರಲಿ. ಎರಡು ವಾರ ದಾಟಿಸಬೇಡಿ, ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಗಂಜಿ, ಆರಿದ ರಾಗಿ ಅಂಬಲಿ, ಮಜ್ಜಿಗೆ ಅನ್ನ ಸರಿ, ಆದರೆ ಒಗ್ಗರಣೆಯ ಸಾಸಿವೆ ಬೇಡ. ಆ ಕಾಳು ಹೊಲಿಗೆಯ ಸಂದಿಗೆ ಸೇರಿದರೆ ತೆಗೆಯುವುದು ತಲೆನೋವು. ಲವಂಗದ ಎಣ್ಣೆ ಗಾಯವನ್ನು ಸುಡುತ್ತದೆ.

ಊತ ಎರಡು-ಮೂರನೇ ದಿನ ಹೆಚ್ಚಾಗಿರುವುದು ಸಹಜ, ಅದನ್ನು ನೋಡಿ ಆಂಟಿಬಯಾಟಿಕ್ ಶುರುಮಾಡಬೇಡಿ. ಇಳಿಯುತ್ತಿದ್ದ ನೋವು ನಾಲ್ಕನೇ ದಿನದ ಹೊತ್ತಿಗೆ ಮತ್ತೆ ಏರುವುದು, ಕೀವು, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಬಾಯಿ ತೆರೆಯಲಾಗದಿರುವುದು, ಇವುಗಳಿಗೆ ಅದೇ ದಿನ ಕ್ಲಿನಿಕ್‌ಗೆ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಮರುದಿನವೂ ಕೆಳತುಟಿಯ ಮರಗಟ್ಟುವಿಕೆ ಹೋಗದಿದ್ದರೆ ಕಾಯಬೇಡಿ, ನರ ಒತ್ತಿರಬಹುದು. ಇನ್ನು ವಾರಗಳ ನಂತರ ಒಸಡು ಕೆಂಪಾಗಿ ವಾಸನೆ ಬಂದರೆ, ಬಹಳ ಸಲ ಮೇಲಿನ ಹೀಲಿಂಗ್ ಕ್ಯಾಪ್ (ಗಾಯ ಮಾಯುವವರೆಗೆ ಇಂಪ್ಲಾಂಟ್ ಮೇಲೆ ತಿರುಗಿಸಿಟ್ಟ ಮುಚ್ಚಳ) ಸಡಿಲಾಗಿ ಸಂದಿಯಲ್ಲಿ ಅನ್ನ ಕೂತಿರುತ್ತದೆ. ಕ್ಯಾಪ್ ಬಿಚ್ಚಿ, ತೊಳೆದು, ಮತ್ತೆ ಬಿಗಿದರೆ ಮುಗಿಯಿತು. ಅದಕ್ಕೆ ಮಾತ್ರೆ ಬೇಕಾಗುವುದೇ ಅಪರೂಪ.