ಗೇಮ್ ಆಡುವಾಗ ಸ್ಕ್ರೀನ್ ಕಪ್ಪಾಗುತ್ತಿತ್ತು, ಸರಿಹೋಗಿದ್ದು ಪವರ್ ಕೇಬಲ್‌ನಿಂದ

ಬ್ರೌಸರ್, ವಿಡಿಯೊ ಎಲ್ಲ ಸರಿಯಾಗಿಯೇ ಓಡುತ್ತಿತ್ತು. ದೊಡ್ಡ ಗೇಮ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪು. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್‌ಗಳು ಜೋರಾಗಿ ತಿರುಗುತ್ತಿದ್ದವು, ಗೇಮಿನ ಸದ್ದು ಮಾತ್ರ ಕೇಳುತ್ತಲೇ ಇರುತ್ತಿತ್ತು. ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕಿತ್ತು.

ಸೇಫ್ ಮೋಡ್‌ನಲ್ಲಿ ಡಿಡಿಯು (ಗ್ರಾಫಿಕ್ಸ್ ಡ್ರೈವರ್ ಅಳಿಸುವ ಟೂಲ್) ಬಳಸಿ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿದೆ. ಹಳೇ ಡ್ರೈವರ್, ಬೇರೆ ಡಿಸ್‌ಪ್ಲೇ ಕೇಬಲ್ ಹಾಕಿ ನೋಡಿದೆ. ಕಾರ್ಡ್ ಬಿಚ್ಚಿ, ಧೂಳು ತೆಗೆದು ಮತ್ತೆ ಕೂರಿಸಿದೆ. ಯಾವುದೂ ಕೆಲಸ ಮಾಡಲಿಲ್ಲ. ಬಿಸಿಯೂ ಜಾಸ್ತಿ ಇರಲಿಲ್ಲ. ವಿಂಡೋಸ್‌ನ ದೋಷಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದೋಷ ಕಂಡರೆ ಸುಮ್ನೆ ಅದರ ಹಿಂದೆ ಬೀಳಬೇಡಿ. ಬಟನ್ ಒತ್ತಿ ಆಫ್ ಮಾಡಿದರೂ ಅದು ಬರುತ್ತದೆ.

ಸುಳಿವು ಸಿಕ್ಕಿದ್ದು ಕಾರ್ಡಿನ ಪವರ್ ಲಿಮಿಟ್, ಅಂದರೆ ಅದು ಎಳೆಯಬಹುದಾದ ಕರೆಂಟಿನ ಮಿತಿ, 70%ಗೆ ಇಳಿಸಿದಾಗ. ಗೇಮ್ ನಿಲ್ಲದೆ ಓಡಿತು. ಅಂದರೆ ತೊಂದರೆ ಕರೆಂಟಿನದ್ದು, ಅಲ್ವಾ? ಕಾರ್ಡಿನಲ್ಲಿ ಎರಡು 8 ಪಿನ್ ಸಾಕೆಟ್ ಇವೆ, ಒಂದೊಂದಕ್ಕೆ 150 ವ್ಯಾಟ್ ಲೆಕ್ಕ. ಒಂದೇ ಕೇಬಲ್‌ನ ಎರಡು ಕವಲು ಅವೆರಡಕ್ಕೂ ಹೋಗಿದ್ದವು, ಹಾಗಾಗಿ ಹೊರೆಯೆಲ್ಲ ಆ ಒಂದು ಕೇಬಲ್ ಮೇಲೇ ಬೀಳುತ್ತಿತ್ತು.

ಮೊದಲು ಕಂಪ್ಯೂಟರ್ ಆಫ್ ಮಾಡಿ, ಪವರ್ ಸಪ್ಲೈ ಹಿಂದಿನ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಅದೇ ಸಪ್ಲೈ ಜೊತೆ ಬಂದ ಇನ್ನೊಂದು ಪಿಸಿಐಇ ಕೇಬಲ್ (ಗ್ರಾಫಿಕ್ಸ್ ಕಾರ್ಡಿಗೆ ಪವರ್ ಕೊಡುವ ಕೇಬಲ್) ತೆಗೆದುಕೊಂಡು, ಸಾಕೆಟ್‌ಗೊಂದರಂತೆ ಬೇರೆ ಬೇರೆ ಕೇಬಲ್ ಹಾಕಿ. ಬೇರೆ ಸಪ್ಲೈಯ ಕೇಬಲ್ ಖಂಡಿತ ಬೇಡ, ಪಿನ್ ಜೋಡಣೆ ಬೇರೆ ಇದ್ದರೆ ಕಾರ್ಡೇ ಸುಟ್ಟುಹೋಗಬಹುದು. ಸಿಪಿಯು ಎಂದು ಬರೆದಿರುವ ಕೇಬಲ್ ಕೂಡ ಬೇಡ. ಕ್ಲಿಪ್ ಟಕ್ ಎಂದು ಕೂರುವವರೆಗೆ ಒತ್ತಿ. ಕೊನೆಗೆ ಪವರ್ ಲಿಮಿಟ್ ಮತ್ತೆ 100% ಮಾಡಿ. ಆಮೇಲೆ ಸ್ಕ್ರೀನ್ ಕಪ್ಪಾಗಿಲ್ಲ.