ಜೋಲಿಯಿಂದ ಚಾಪೆಗೆ

ಮಗಳಿಗೆ 14 ವಾರದ ಚುಚ್ಚುಮದ್ದು ಹಾಕಿಸಲು ಹೋಗಿದ್ದೆ. ಡಾಕ್ಟರಮ್ಮ ಸೂಜಿ ಹಾಕುವ ಮೊದಲು ಮಗುವಿನ ತಲೆಯ ಹಿಂಭಾಗವನ್ನು ಸವರಿ ನೋಡಿದರು. ಆಮೇಲೆ ನನ್ನ ಬೆರಳು ಹಿಡಿದು ಅದೇ ಜಾಗಕ್ಕೆ ಇಟ್ಟರು. "ಇಲ್ಲಿ ಮುಟ್ಟಿ ನೋಡಮ್ಮ, ಬಲಗಡೆ ಚಪ್ಪಟೆ ಆಗಿದೆ. ಯಾವಾಗಲೂ ಬಲಕ್ಕೇ ತಿರುಗ್ತಾಳಾ?" ಅಂತ ಕೇಳಿದರು. ದಿನಾ ಎಣ್ಣೆ ಹಚ್ಚುವ ತಲೆ ಅದು. ಮೂರು ತಿಂಗಳಿಂದ ನನ್ನ ಅಂಗೈ ಅದರ ಮೇಲೆ ಓಡಾಡಿದೆ. ಆದರೂ ನನಗೆ ಗೊತ್ತಾಗಿರಲಿಲ್ಲ.

ಮಗುವನ್ನು ಬೋರಲು ಮಲಗಿಸಿದರು. ಅವಳು ಮೂಗನ್ನು ಹಾಸಿಗೆಗೆ ಒತ್ತಿಕೊಂಡು ಅತ್ತಳೇ ಹೊರತು ತಲೆ ಎತ್ತಲಿಲ್ಲ. "ಮನೇಲಿ ದಿನಕ್ಕೆ ಎಷ್ಟು ಹೊತ್ತು ಬೋರಲು ಹಾಕ್ತೀರಿ?" ಎಂದರು. ನಾನು ಸುಮ್ಮನಿದ್ದೆ. ಒಂದು ದಿನವೂ ಹಾಕಿರಲಿಲ್ಲ.

ಕತ್ತನ್ನು ಎರಡೂ ಕಡೆ ಮೆಲ್ಲಗೆ ತಿರುಗಿಸಿ ನೋಡಿದರು. ಕೆಲವು ಮಕ್ಕಳಿಗೆ ಕತ್ತಿನ ಒಂದು ಬದಿಯ ಸ್ನಾಯು ಬಿಗಿದಿರುತ್ತದಂತೆ. ಹಾಗಿದ್ದರೆ ಫಿಸಿಯೋಥೆರಪಿ ಬೇಕು. ಇವಳಿಗೆ ಅದಿರಲಿಲ್ಲ. ಸೊಂಟದ ಕೀಲು ಸರಿಯಿತ್ತು. ತೂಕವೂ ಚೆನ್ನಾಗಿತ್ತು. "ಕಾಯಿಲೆ ಏನಿಲ್ಲ, ಇದು ಅಭ್ಯಾಸದಿಂದ ಆಗಿರೋದು. ಅಭ್ಯಾಸ ಬದಲಾಯಿಸಿ" ಎಂದು ಕಳಿಸಿದರು.

ಮಂಡ್ಯದ ನಮ್ಮ ಮನೆಯಲ್ಲಿ ಇವಳು ಎರಡನೇ ಮಗು. ಬಾಣಂತನ ಮಾಡಿದ್ದು ನಮ್ಮತ್ತೆ. ಕೂಡು ಕುಟುಂಬ, ಎತ್ತಿಕೊಳ್ಳುವ ಕೈಗಳಿಗೆ ಬರವಿಲ್ಲ. ಮಗು "ಕುಯ್" ಅಂದರೆ ಸಾಕು, ಯಾರೋ ಎತ್ತಿಕೊಂಡಿರುತ್ತಿದ್ದರು. ಅದು ಪ್ರೀತಿಯೇ. ಆದರೆ ಮಾರನೇ ದಿನ ಬೆಳಗ್ಗೆಯಿಂದ ಸಂಜೆವರೆಗೆ ಮಗು ಎಲ್ಲಿರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟೆ. ಜೋಲಿ, ತೊಡೆ, ಹೆಗಲು, ಮತ್ತೆ ಜೋಲಿ, ಮಂಚ. ನೆಲ ಅನ್ನುವ ಪದ ಹಾಳೆಯಲ್ಲಿ ಇರಲೇ ಇಲ್ಲ.

ಬಲಕ್ಕೇ ಯಾಕೆ ತಿರುಗುತ್ತಾಳೆ ಅನ್ನುವುದೂ ಅವತ್ತೇ ಗೊತ್ತಾಯಿತು. ಮಂಚದಲ್ಲಿ ಅವಳ ಎಡಕ್ಕೆ ಗೋಡೆ. ಬಲಕ್ಕೆ ನಾನು, ನನ್ನ ಹಿಂದೆ ಕಿಟಕಿ, ಕಿಟಕಿಯಲ್ಲಿ ಬೆಳಕು. ಗೋಡೆ ನೋಡಿಕೊಂಡು ಯಾವ ಮಗು ಮಲಗುತ್ತದೆ? ಎಳೆ ತಲೆಬುರುಡೆ ಮೆತ್ತಗಿರುತ್ತದೆ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಮೇಲೆ ತಲೆ ಮತ್ತೆ ಆ ಕಡೆಗೇ ಉರುಳುತ್ತದೆ.

ಅವತ್ತು ರಾತ್ರಿಯಿಂದಲೇ ದಿನ ಬಿಟ್ಟು ದಿನ ತಲೆದೆಸೆ ಬದಲಾಯಿಸಿದೆ. ಇವತ್ತು ತಲೆ ಇದ್ದ ಕಡೆ ನಾಳೆ ಕಾಲು. ಅಷ್ಟೇ. ಆಗ ನನ್ನನ್ನು ನೋಡಬೇಕಾದರೆ ಅವಳು ಎಡಕ್ಕೇ ತಿರುಗಬೇಕು. ಎತ್ತಿಕೊಳ್ಳುವಾಗಲೂ ನಾನು ಯಾವಾಗಲೂ ಎಡಗೈ ಮೇಲೆ ಹಾಕಿಕೊಳ್ಳುತ್ತಿದ್ದೆ, ಬಲಗೈ ಕೆಲಸಕ್ಕೆ ಬೇಕಲ್ಲ. ಅದನ್ನೂ ಅದಲು ಬದಲು ಮಾಡಿದೆ. ಅತ್ತೆ ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಹೊಲಿದುಕೊಟ್ಟಿದ್ದರು. ಡಾಕ್ಟರ್ ಅದನ್ನು ತೆಗೆಸಿದರು. ಒಂದು ವರ್ಷದವರೆಗೆ ಮಗು ಮಲಗುವ ಜಾಗದಲ್ಲಿ ದಿಂಬು ಬೇಡ, ಉಸಿರು ಕಟ್ಟುವ ಭಯವಿರುತ್ತದೆ ಎಂದರು. ನಿದ್ದೆ ಮಾತ್ರ ಹಗಲಾಗಲಿ ರಾತ್ರಿಯಾಗಲಿ ಅಂಗಾತವೇ. ಬೋರಲು ಹಾಕುವುದು ಮಗು ಎಚ್ಚರವಿದ್ದು, ನಾವು ಪಕ್ಕದಲ್ಲೇ ಕೂತಿರುವಾಗ ಮಾತ್ರ. ಈ ಎರಡನ್ನೂ ಯಾರೂ ಬೆರೆಸಬೇಡಿ.

ಬೋರಲು ಹಾಕುವುದೇ ದೊಡ್ಡ ಕೆಲಸವಾಯಿತು. ಮೊದಲ ದಿನ ನೆಲಕ್ಕೆ ಹಾಕಿದ ಅರ್ಧ ನಿಮಿಷಕ್ಕೆ ಕಿರುಚಿದಳು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ಎದೆ ಒತ್ತೋಯ್ತದೆ ಕಣವ್ವ, ಎತ್ಕೊ, ಶೀತ ಬೇರೆ ಆಯ್ತದೆ" ಅಂತ ಎತ್ತಿಕೊಂಡುಬಿಟ್ಟರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಐದು ಮಕ್ಕಳನ್ನು ಸಾಕಿದ ಕೈ ಅದು.

ಹಾಗಾಗಿ ಎದೆಯಿಂದ ಶುರು ಮಾಡಿದೆ. ನಾನು ದಿಂಬಿಗೆ ಒರಗಿ ಕೂತು ಅವಳನ್ನು ನನ್ನ ಎದೆಯ ಮೇಲೆ ಬೋರಲು ಮಲಗಿಸಿಕೊಂಡೆ. ಅಲ್ಲಿ ಅಳಲಿಲ್ಲ. ನನ್ನ ಮುಖ ನೋಡುವುದಕ್ಕೆ ತಲೆ ಎತ್ತುತ್ತಿದ್ದಳು. ಎರಡು ಕ್ಷಣ ಎತ್ತಿ ಧೊಪ್ಪನೆ ಬೀಳಿಸುತ್ತಿದ್ದಳು. ಐದಾರು ದಿನ ಕಳೆದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಟವೆಲ್ ಸುರುಳಿ ಸುತ್ತಿ ಎದೆಯ ಕೆಳಗೆ ಇಟ್ಟೆ. ಕಂಕುಳ ಕೆಳಗೆ ಟವೆಲ್, ಅದರ ಮುಂದಕ್ಕೆ ಎರಡೂ ಮೊಣಕೈ. ಹಾಲು ಕುಡಿದ ತಕ್ಷಣ ಹಾಕಿದರೆ ಕಕ್ಕುತ್ತಾಳೆ. ಅದಕ್ಕೆ ಬಟ್ಟೆ ಬದಲಾಯಿಸಿದ ಮೇಲೆ ಎರಡು ನಿಮಿಷ, ನಿದ್ದೆಯಿಂದ ಎದ್ದ ಮೇಲೆ ಎರಡು ನಿಮಿಷ. ಅತ್ತರೆ ಎತ್ತಿಕೊಳ್ಳುವುದು, ಮತ್ತೆ ಅರ್ಧ ಗಂಟೆ ಬಿಟ್ಟು ಹಾಕುವುದು.

ಒಂದು ಮಧ್ಯಾಹ್ನ ಅತ್ತೆಯೇ ಬಂದು ಎದುರಿಗೆ ಕೂತರು. ಕೈಯಲ್ಲಿ ತೊಳೆದ ಸ್ಟೀಲ್ ಚೊಂಬು ಇತ್ತು. ಅದನ್ನು ಚಾಪೆಯ ಅಂಚಿನಲ್ಲಿ ಅಡ್ಡ ಮಲಗಿಸಿ ಮೆಲ್ಲಗೆ ತಳ್ಳಿದರು. ಟಣ್ ಅಂತ ಸದ್ದಾಯಿತು. ಮಗಳು ಅಳು ನಿಲ್ಲಿಸಿದಳು. ಮೊಣಕೈ ನಡುಗುತ್ತಿತ್ತು, ಬಾಯಿಂದ ಜೊಲ್ಲು ಚಾಪೆಗೆ ಇಳಿಯುತ್ತಿತ್ತು. ಆದರೂ ತಲೆ ಎತ್ತಿದಳು. ಚೊಂಬಿನಲ್ಲಿ ತನ್ನದೇ ಮುಖ ಅಗಲವಾಗಿ ಕಾಣುತ್ತಿತ್ತಲ್ಲ, ಅದನ್ನೇ ನೋಡಿದಳು. ಅತ್ತೆ ಚೊಂಬನ್ನು ಎಡಕ್ಕೆ ಉರುಳಿಸಿದರು. ತಲೆಯೂ ಎಡಕ್ಕೆ ತಿರುಗಿತು! ಅವತ್ತಿನಿಂದ ಚಾಪೆಯ ಕೆಲಸ ಅತ್ತೆಯದೇ ಆಯಿತು.

ಅವರೇ ಒಂದು ಮಾತು ಹೇಳಿದರು. "ನೀರು ಹಾಕೋ ಅಜ್ಜಿ ಕಾಲ್ ಮೇಲೆ ಬೋರಲು ಹಾಕ್ಕೊಂಡೇ ಅಲ್ವಾ ಬೆನ್ನು ಉಜ್ತಿದ್ದದ್ದು?" ಹೌದಲ್ಲ! ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುವುದು ನಮ್ಮಲ್ಲಿ ಎಂದಿನಿಂದಲೂ ಇದೆ. ಅಜ್ಜಿ ಬರುವುದು ನಿಂತ ಮೇಲೆ ನಾವು ಅದನ್ನು ಬಿಟ್ಟಿದ್ದೆವು. ಆಮೇಲೆ ದಿನಾ ಸ್ನಾನಕ್ಕೆ ಮೊದಲು ನಾನೇ ಹಾಗೆ ಹಾಕಿಕೊಂಡು ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವ ಪ್ರಕಾರ, ಇನ್ನೂ ಓಡಾಡದ ಮಗುವನ್ನು ದಿನದಲ್ಲಿ ಎಲ್ಲಾ ಸೇರಿ ಕನಿಷ್ಠ 30 ನಿಮಿಷ ಬೋರಲು ಆಡಿಸಬೇಕು. ಎಚ್ಚರವಿರುವಾಗ ಒಂದೇ ಸಲಕ್ಕೆ 1 ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು. ನಮಗೆ 30 ನಿಮಿಷ ಮುಟ್ಟಲು ಒಂದು ತಿಂಗಳೇ ಬೇಕಾಯಿತು. ಜೋಲಿಯನ್ನು ಪೂರ್ತಿ ಬಿಚ್ಚಲಿಲ್ಲ. ಅತ್ತಾಗ ತೂಗಿ ಸಮಾಧಾನ ಮಾಡುವುದಕ್ಕೆ ಇಟ್ಟುಕೊಂಡೆವು. ನಿದ್ದೆ ಹತ್ತಿದ ಮೇಲೆ ಎತ್ತಿ ಹಾಸಿಗೆಗೆ. ಎಚ್ಚರವಾದಾಗ ಚಾಪೆಗೆ.

ಅಜ್ಜಿಯ ಎಣ್ಣೆ ಸ್ನಾನ ನನಗೆ ಇಷ್ಟ. ಆದರೆ ಒಂದು ಮಾತ್ರ ನಿಲ್ಲಿಸಬೇಕಾಗಿತ್ತು. ಸ್ನಾನ ಆದ ಮೇಲೆ ಎರಡೂ ಕಾಲು ನೆಟ್ಟಗೆ ಎಳೆದು, ಜೋಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಿದ್ದರು, ಕಾಲು ಸೊಟ್ಟಗಾಗದಿರಲಿ ಅಂತ. ಹುಟ್ಟಿದ ಮಗುವಿನ ಕಾಲು ಬಾಗಿರುವುದೇ ಸಹಜ, ನಡೆಯಲು ಶುರುವಾದ ಮೇಲೆ ತಾನೇ ನೆಟ್ಟಗಾಗುತ್ತದೆ. ತೊಡೆಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರಬೇಕಾದರೆ ಕಾಲು ಕಪ್ಪೆಯ ಹಾಗೆ ಮಡಚಿ ಅಗಲವಾಗಿರಬೇಕು. ಎಳೆದು ಕಟ್ಟಿದರೆ ಕೀಲು ಜಾರಬಹುದು. ಬಟ್ಟೆ ಸುತ್ತುವುದಾದರೆ ಸೊಂಟದಿಂದ ಕೆಳಗೆ ಸಡಿಲ ಬಿಡಿ. ಕತ್ತು ನಿಂತ ಮೇಲೆ ನಮ್ಮ ಹೆಂಗಸರು ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುತ್ತಾರಲ್ಲ, ಅದು ಆ ಕೀಲಿಗೆ ತುಂಬಾ ಒಳ್ಳೆಯದು.

ಇನ್ನು ವಾಕರ್ ವಿಷಯ. ಇದನ್ನು ಬರೆಯುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ದೊಡ್ಡ ಮಗನಿಗೆ ಏಳು ತಿಂಗಳಲ್ಲಿ ನೆಂಟರೊಬ್ಬರು ವಾಕರ್ ತಂದುಕೊಟ್ಟಿದ್ದರು. ಕೂರಿಸಿದರೆ ಅವನು ಮನೆಯೆಲ್ಲಾ ಓಡಾಡುತ್ತಿದ್ದ, ನನಗೆ ಅಡುಗೆಗೆ ಬಿಡುವು ಸಿಗುತ್ತಿತ್ತು. ಒಂದು ದಿನ ಬಾಗಿಲು ತೆಗೆದಿತ್ತು. ನಾನು ಒಲೆಯ ಮುಂದಿದ್ದೆ. ಹೊಸ್ತಿಲಿಗೆ ಚಕ್ರ ತಗುಲಿ ವಾಕರ್ ಸಮೇತ ಮೆಟ್ಟಿಲ ಕಡೆಗೆ ಮಗುಚಿದ. ಹುಬ್ಬಿನ ಮೇಲೆ ಮೂರು ಹೊಲಿಗೆ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಆದರೂ ತಲುಪಲಾಗಲಿಲ್ಲ. ಕೆನಡಾ ದೇಶದಲ್ಲಿ 2004ರಿಂದ ಇದರ ಮಾರಾಟವನ್ನೇ ನಿಷೇಧ ಮಾಡಿದ್ದಾರೆ. ವಾಕರ್‌ನಿಂದ ನಡಿಗೆ ಬೇಗ ಬರುವುದೂ ಇಲ್ಲ. ಸೀಟಿನಲ್ಲಿ ತೂಗಾಡುತ್ತಾ ತುದಿಗಾಲಲ್ಲಿ ನೆಲ ಒದೆಯುವುದನ್ನು ಮಗು ಕಲಿಯುತ್ತದೆ. ತನ್ನ ಭಾರ ತಾನೇ ಹೊರುವುದನ್ನು, ಬೀಳುವಾಗ ಕೈ ಊರುವುದನ್ನು ಕಲಿಯುವುದಿಲ್ಲ. ನೀವು ಯಾರಿಗಾದರೂ ಉಡುಗೊರೆ ಕೊಡುವುದಾದರೆ ದಯವಿಟ್ಟು ಇದನ್ನು ಕೊಡಬೇಡಿ.

ಮಗಳಿಗೆ ಅದನ್ನು ತರಲಿಲ್ಲ. ಮಂಚ ಹಿಡಿದು ತಾನೇ ಎದ್ದು ನಿಲ್ಲುವವರೆಗೆ ಕಾದೆವು. ಆಮೇಲೆ ಚನ್ನಪಟ್ಟಣದಿಂದ ಮೂರು ಚಕ್ರದ ಮರದ ಗಾಡಿ ತಂದೆವು. ಅದರಲ್ಲಿ ಮಗು ಕೂರುವುದಿಲ್ಲ, ನಿಂತು ತಳ್ಳುತ್ತದೆ. ಗಾಡಿ ಮುಂದಕ್ಕೆ ಓಡಿಬಿಡದ ಹಾಗೆ ನಾನು ಎದುರಿಗೆ ಕೂತು ಒಂದು ಕೈಯಲ್ಲಿ ತಡೆಯುತ್ತಿದ್ದೆ. ಮನೆಯೊಳಗೆ ಬರಿಗಾಲು. ಪೀಂ ಪೀಂ ಅನ್ನುವ ಬೂಟುಗಳನ್ನು ಎತ್ತಿಟ್ಟೆ. ನಮ್ಮದು ಕೆಂಪು ಗಾರೆ ನೆಲ, ಕಾಲುಚೀಲ ಹಾಕಿದರೆ ಜಾರುತ್ತದೆ. ಬರಿಗಾಲಾದರೆ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿಯುವುದು ಕಣ್ಣಿಗೇ ಕಾಣುತ್ತದೆ.

ಪಕ್ಕದ ಮನೆಯ ಮಗು ಹತ್ತೂವರೆ ತಿಂಗಳಿಗೇ ನಡೆಯಿತು. ಇವಳಿಗೆ ಹದಿನಾಲ್ಕು ತುಂಬಬೇಕಾಯಿತು. ಬಂದವರೆಲ್ಲಾ ಕೇಳುತ್ತಿದ್ದರು. ಆಗ ನನಗೆ ಧೈರ್ಯ ಕೊಟ್ಟಿದ್ದು ಡಾಕ್ಟರ್ ತೋರಿಸಿದ ಒಂದು ಪಟ್ಟಿ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಾಡಿದ್ದು. ಆಧಾರವಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳ ಒಳಗೆ. ಒಂಟಿಯಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳ ಒಳಗೆ. ಅಂಬೆಗಾಲು ಇಡದೆಯೇ ನಡೆದ ಮಕ್ಕಳೂ ಅದರಲ್ಲಿದ್ದಾರೆ, ನೂರಕ್ಕೆ ನಾಲ್ಕರಷ್ಟು. ಹಾಗಂತ ಎಲ್ಲದಕ್ಕೂ ಕಾಯುತ್ತಾ ಕೂರಬೇಡಿ. ನಾಲ್ಕು ತಿಂಗಳು ದಾಟಿದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಿದ್ದರೆ, ಮೈ ತೀರಾ ಬಿಗಿ ಅಥವಾ ತೀರಾ ಸಡಿಲ ಅನ್ನಿಸಿದರೆ ತಡ ಮಾಡದೆ ತೋರಿಸಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗಲೂ ಕೇಳಬಹುದು.

ಮಗಳಿಗೆ ಈಗ ಹದಿನಾರು ತಿಂಗಳು. ಹೊಸ್ತಿಲ ಹತ್ತಿರ ಬಂದರೆ ಕೂತು, ಹಿಂದು ಮುಂದಾಗಿ ತಿರುಗಿ, ಕಾಲು ಮೊದಲು ಇಳಿಸುತ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ತಲೆ ದುಂಡಗಾಗಿದೆ, ಪೂರ್ತಿ ಅಲ್ಲ. ಕೂದಲು ಬಂದಿರುವುದರಿಂದ ನೋಡುವವರಿಗೆ ತಿಳಿಯುವುದಿಲ್ಲ. ಭಾನುವಾರ ಎಣ್ಣೆ ಹಚ್ಚುವಾಗ ಬಲಕಿವಿಯ ಹಿಂದೆ ಬೆರಳಿಗೆ ಇನ್ನೂ ಒಂಚೂರು ಸಿಗುತ್ತದೆ.